ಅಗಸೆಯ ಜೀನೋಮ್ ಜೋಡಣೆ: ಅವೇ ತುಣುಕುಗಳಿಂದ ಎರಡು ಅನುಕ್ರಮಗಳು ಬಂದರೆ ಯಾವುದನ್ನು ನಂಬಬೇಕು?

ಪ್ರಶ್ನೆ: ಹಿತ್ತಲಗಿಡ (ಬಸವನಗುಡಿ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ನಾವು ಕೆಲವರು ಸೇರಿ ಆಡುವ ಆನ್‌ಲೈನ್ ಕರಕುಶಲ ಆಟದಲ್ಲಿ ಅಗಸೆಯನ್ನು ಬೆಳೆದು, ನೀರಿನಲ್ಲಿ ನೆನೆಹಾಕಿ ನಾರು ಬಿಡಿಸಿ, ನೂತು ನೇಯುವ ಒಂದು ದೊಡ್ಡ ಕಸುಬಿದೆ. ಒಳ್ಳೆಯ ಬಟ್ಟೆ ಬೇಕಾದರೆ ಒಳ್ಳೆಯ ತಳಿ ಬೇಕು. ತಳಿಯನ್ನು ಸುಧಾರಿಸಬೇಕಾದರೆ ಮೊದಲು ಆ ಗಿಡದ ಜೀನೋಮ್ ಅನ್ನು, ಅಂದರೆ ಅದರ ಡಿಎನ್‌ಎ ಅಕ್ಷರಗಳ ಪೂರ್ತಿ ಸಾಲನ್ನು, ನಾವೇ ಜೋಡಿಸಿಕೊಳ್ಳಬೇಕು; ಆಟದಲ್ಲಿ ಆ ಅಕ್ಷರಗಳು ಬಣ್ಣದ ಮಣಿಗಳಾಗಿವೆ. ಆಟದ ಪ್ರಯೋಗಶಾಲೆಯಲ್ಲಿ ಒಂದು ಬೀಜವನ್ನು ಅರೆದರೆ ಐದು ಮಣಿಗಳ ಒಂದು ಪಟ್ಟಿ ಸಿಗುತ್ತದೆ. ಅದು ಇಡೀ ಅನುಕ್ರಮದ ಯಾವ ಜಾಗದಿಂದ ಬಂದಿದೆ ಎಂಬುದನ್ನು ಆಟ ತಿಳಿಸುವುದಿಲ್ಲ. ಎಡ ಯಾವುದು, ಬಲ ಯಾವುದು ಎಂಬುದು ಮಾತ್ರ ಖಚಿತವಾಗಿರುತ್ತದೆ. ನಮ್ಮ ತಳಿಯ ಒಟ್ಟು ಉದ್ದ 26 ಮಣಿಗಳೆಂದು ಆಟವೇ ತೋರಿಸುತ್ತದೆ. ಬಣ್ಣಗಳು ನಾಲ್ಕು: ಕೆಂಪು (ಕೆ), ಹಳದಿ (ಹ), ನೀಲಿ (ನೀ), ಬಿಳಿ (ಬಿ).

ಒಂದು ಪಟ್ಟಿಯ ಕೊನೆಯ ಮಣಿಗಳು ಇನ್ನೊಂದರ ಮೊದಲ ಮಣಿಗಳಿಗೆ ಹೊಂದುವುದನ್ನು ನೋಡಿಕೊಂಡು ಜೋಡಿಸುತ್ತ ಹೋದೆವು. ಕೊನೆಗೆ ನಮ್ಮ ತಂಡದ ಇಬ್ಬರು ಬೇರೆ ಬೇರೆಯಾಗಿ ಕುಳಿತು ಜೋಡಿಸಿದಾಗ ಎರಡು ಉತ್ತರಗಳು ಬಂದವು. ಓದಲು ಸುಲಭವಾಗಲೆಂದು ಭಾಗಗಳ ನಡುವೆ ಗೆರೆ ಹಾಕಿದ್ದೇನೆ.

ಮೊದಲನೆಯದು: ಕೆಬಿ – ಹಹನೀಕೆನೀ – ಬಿಬಿನೀ – ಹಹನೀಕೆನೀ – ಕೆಬಿಕೆ – ಹಹನೀಕೆನೀ – ಹಬಿಕೆ

ಎರಡನೆಯದು: ಕೆಬಿ – ಹಹನೀಕೆನೀ – ಕೆಬಿಕೆ – ಹಹನೀಕೆನೀ – ಬಿಬಿನೀ – ಹಹನೀಕೆನೀ – ಹಬಿಕೆ

ಎರಡರಲ್ಲೂ ನಮ್ಮಲ್ಲಿರುವ ಒಂದು ಪಟ್ಟಿಯೂ ವ್ಯರ್ಥವಾಗಿಲ್ಲ, ಒಂದು ಪಟ್ಟಿಯೂ ಕಡಿಮೆ ಬಿದ್ದಿಲ್ಲ. ಬೇರೆ ತಳಿಗಳೊಂದಿಗೆ ಹೋಲಿಸಿ ನೋಡಿದಾಗ ‘ಬಿಬಿನೀ’ ಇರುವ ಗಿಡಗಳಿಗೆಲ್ಲ ನಾರು ಉದ್ದವಾಗಿರುತ್ತದೆ, ‘ಕೆಬಿಕೆ’ ಇರುವವು ಬೇಗ ಹೂ ಬಿಡುತ್ತವೆ ಎಂದು ತಿಳಿದಿದೆ. ಯಾವುದು ಎಡಕ್ಕಿದೆ, ಯಾವುದು ಬಲಕ್ಕಿದೆ ಎಂಬುದು ಗೊತ್ತಾಗದೆ ಸಂಕರದ ಯೋಜನೆ ಮಾಡಲು ಸಾಧ್ಯವಿಲ್ಲ. ಇನ್ನಷ್ಟು ಬೀಜ ಅರೆಯಬೇಕೇ, ಅಥವಾ ಬೇರೆ ದಾರಿ ಇದೆಯೇ? ಇಂಥ ಆಟಗಳಿಂದ ನಿಜವಾದ ವಿಜ್ಞಾನಕ್ಕೂ ಉಪಯೋಗವಾಗಿದೆ ಎಂದು ಕೇಳಿದ್ದೇನೆ. ನಿಜವಾದ ಸಸ್ಯಗಳಲ್ಲಿ ಈ ತೊಡಕನ್ನು ಹೇಗೆ ಬಿಡಿಸುತ್ತಾರೆ ಎಂಬುದನ್ನೂ ಬಲ್ಲವರು ತಿಳಿಸಿಕೊಡಬೇಕು.

ಉತ್ತರ 1: ಲೆಕ್ಕದಪುಸ್ತಕ (ರಾಜಾಜಿನಗರ)

ಬೀಜ ಎಷ್ಟು ಅರೆದರೆ ಸಾಕು ಎಂಬ ಪ್ರಶ್ನೆಗೆ ಒಂದು ಸ್ಪಷ್ಟವಾದ ಲೆಕ್ಕವಿದೆ. 1988ರಲ್ಲಿ ಎರಿಕ್ ಲ್ಯಾಂಡರ್ ಮತ್ತು ಮೈಕೆಲ್ ವಾಟರ್‌ಮನ್ ಇದನ್ನು ಗಣಿತದ ರೂಪದಲ್ಲಿ ಕೊಟ್ಟರು. ಪಟ್ಟಿಗಳ ಸಂಖ್ಯೆಯನ್ನು ಪಟ್ಟಿಯ ಉದ್ದದಿಂದ ಗುಣಿಸಿ, ಜೀನೋಮಿನ ಉದ್ದದಿಂದ ಭಾಗಿಸಿದರೆ, ಪ್ರತಿಯೊಂದು ಮಣಿಯನ್ನು ಸರಾಸರಿ ಎಷ್ಟು ಸಲ ನೋಡಿದ್ದೇವೆ ಎಂಬುದು ಸಿಗುತ್ತದೆ. ಆ ಸರಾಸರಿ 1 ಆಗಿದ್ದರೆ ಸುಮಾರು 37 ಪ್ರತಿಶತ ಭಾಗ ಕಣ್ಣಿಗೆ ಬೀಳದೆ ಉಳಿಯುತ್ತದೆ. ಸರಾಸರಿ 5ಕ್ಕೆ ಏರಿದರೆ ಉಳಿಯುವುದು ಸುಮಾರು 0.7 ಪ್ರತಿಶತ, 8ಕ್ಕೆ ಏರಿದರೆ 0.03 ಪ್ರತಿಶತ. ನಿಮ್ಮ 26 ಮಣಿಗಳಿಗೆ ಸರಾಸರಿ 8 ಬರಬೇಕಾದರೆ 42 ಪಟ್ಟಿಗಳು ಬೇಕು.

ಆದರೆ ಈ ಲೆಕ್ಕ ಬಹಳ ಉದ್ದದ ಜೀನೋಮುಗಳಿಗೆ ಹೇಳಿದ್ದು. ನಿಮ್ಮದು ಚಿಕ್ಕದಾಗಿರುವುದರಿಂದ ತುದಿಗಳ ಕಡೆಗೆ ವಿಶೇಷ ಗಮನ ಕೊಡಬೇಕು. ನಡುವಿನ ಒಂದು ಮಣಿಯನ್ನು ಐದು ಬೇರೆ ಬೇರೆ ಸ್ಥಾನಗಳಿಂದ ಹೊರಟ ಪಟ್ಟಿಗಳು ತೋರಿಸಬಲ್ಲವು. ಮೊಟ್ಟಮೊದಲ ಮಣಿಯನ್ನಾಗಲಿ ಕೊನೆಯ ಮಣಿಯನ್ನಾಗಲಿ ತೋರಿಸುವುದು ಒಂದೇ ಒಂದು ಸ್ಥಾನದ ಪಟ್ಟಿ. ಪಟ್ಟಿ ಹೊರಡಬಹುದಾದ ಸ್ಥಾನಗಳು ಒಟ್ಟು 22. ಹೀಗಾಗಿ 42 ಪಟ್ಟಿಗಳನ್ನು ತೆಗೆದ ಮೇಲೂ ಮೊದಲ ಮಣಿ ಕಾಣದೇ ಹೋಗುವ ಸಾಧ್ಯತೆ ನೂರಕ್ಕೆ 14ರಷ್ಟು ಇದ್ದೇ ಇರುತ್ತದೆ. ಆದ್ದರಿಂದ ಸರಾಸರಿ ಚೆನ್ನಾಗಿದೆ ಎಂದು ತೃಪ್ತಿಪಡದೆ, ಪ್ರತಿ ಮಣಿಯ ಕೆಳಗೂ ಅದನ್ನು ತೋರಿಸಿದ ಪಟ್ಟಿಗಳೆಷ್ಟು ಎಂದು ಬರೆದಿಡಿ. ನನ್ನ ಸಲಹೆ, ಇನ್ನಷ್ಟು ಬೀಜಗಳನ್ನು ಅರೆದು ಆಮೇಲೆ ತೀರ್ಮಾನಿಸುವುದು ಒಳ್ಳೆಯದು.

ಉತ್ತರ 2: ಏಳುಸೇತುವೆ (ಕೋರಮಂಗಲ)

ಲೆಕ್ಕದಪುಸ್ತಕ ಅವರು ತುದಿಗಳ ಬಗ್ಗೆ ಹೇಳಿದ್ದು ಬಹಳ ಮುಖ್ಯವಾದ ವಿಷಯ. ಆದರೆ ಹಿತ್ತಲಗಿಡ ಅವರ ಮೂಲ ತೊಡಕು ಪಟ್ಟಿಗಳ ಕೊರತೆಯಿಂದ ಬಂದದ್ದಲ್ಲ ಎಂದು ವಿನಯದಿಂದ ಹೇಳಬಯಸುತ್ತೇನೆ. ಸಾವಿರ ಬೀಜ ಅರೆದರೂ ಅದು ಹಾಗೆಯೇ ಉಳಿಯುತ್ತದೆ.

ಕಾರಣವನ್ನು ನೋಡಿ. ‘ಹಹನೀಕೆನೀ’ ಎಂಬ ಭಾಗ ಮೂರು ಸಲ ಬಂದಿದೆ, ಅದರ ಉದ್ದ ಐದು ಮಣಿ. ನಿಮ್ಮ ಪಟ್ಟಿಯ ಉದ್ದವೂ ಐದೇ. ಈ ಭಾಗದ ಎಡಕ್ಕಿರುವುದನ್ನೂ ಬಲಕ್ಕಿರುವುದನ್ನೂ ಒಟ್ಟಿಗೆ ತೋರಿಸುವ ಪಟ್ಟಿ ಇರಲು ಸಾಧ್ಯವೇ ಇಲ್ಲ. ಒಂದು ಪಟ್ಟಿ ಎಡದ ಅಂಚನ್ನು ತೋರಿಸುತ್ತದೆ, ಇನ್ನೊಂದು ಬಲದ ಅಂಚನ್ನು ತೋರಿಸುತ್ತದೆ, ಮತ್ತೊಂದು ಪೂರ್ತಿ ಒಳಗೇ ಇರುತ್ತದೆ. ಆದ್ದರಿಂದ ನೀವು ಬರೆದ ಎರಡೂ ಅನುಕ್ರಮಗಳನ್ನು ಐದೈದು ಮಣಿಗಳಾಗಿ ಕತ್ತರಿಸಿದರೆ ಸಿಗುವ ಪಟ್ಟಿಗಳ ರಾಶಿ ಒಂದೇ, ಎಣಿಕೆಯಲ್ಲೂ ವ್ಯತ್ಯಾಸವಿರುವುದಿಲ್ಲ. ನಿಮ್ಮ ತಂಡದ ಇಬ್ಬರಲ್ಲಿ ಯಾರೂ ತಪ್ಪಾಗಿ ಜೋಡಿಸಿಲ್ಲ.

ಇದನ್ನು ಗಣಿತದಲ್ಲಿ ಹೀಗೆ ನೋಡುತ್ತಾರೆ. ನಾಲ್ಕು ಮಣಿಗಳ ಪ್ರತಿಯೊಂದು ಪದವನ್ನೂ ಒಂದು ಬಿಂದು ಎಂದು ಇಟ್ಟುಕೊಳ್ಳಿ. ಐದು ಮಣಿಗಳ ಪ್ರತಿ ಪಟ್ಟಿಯೂ ಅದರ ಮೊದಲ ನಾಲ್ಕು ಮಣಿಗಳ ಬಿಂದುವಿನಿಂದ ಕೊನೆಯ ನಾಲ್ಕು ಮಣಿಗಳ ಬಿಂದುವಿಗೆ ಎಳೆದ ಬಾಣವಾಗುತ್ತದೆ. ಪ್ರತಿ ಬಾಣವನ್ನೂ ಅದು ಇರುವಷ್ಟೇ ಸಲ ಬಳಸಿಕೊಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುವ ದಾರಿಯೇ ನಿಮ್ಮ ಜೀನೋಮ್. 1736ರಲ್ಲಿ ಗಣಿತಜ್ಞ ಆಯ್ಲರ್ ಅವರು ಕ್ಯೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ನಡೆಯಲಾದೀತೇ ಎಂದು ಕೇಳಿಕೊಂಡ ಪ್ರಶ್ನೆಗೆ ಇದು ನೇರವಾದ ಬಂಧು. 2001ರಲ್ಲಿ ಪಾವೆಲ್ ಪೆವ್ಜ್‌ನರ್ ಮತ್ತು ಸಂಗಡಿಗರು ಡಿಎನ್‌ಎ ತುಣುಕುಗಳ ಜೋಡಣೆಗೆ ಈ ದಾರಿಯನ್ನು ಬಳಸಿ ತೋರಿಸಿದ ಮೇಲೆ, ಚಿಕ್ಕ ತುಣುಕುಗಳನ್ನು ಜೋಡಿಸುವ ಅನೇಕ ತಂತ್ರಾಂಶಗಳು ಇದೇ ತಳಹದಿಯ ಮೇಲೆ ಬಂದವು. ನಿಮ್ಮ ಚಿತ್ರದಲ್ಲಿ ಪುನರಾವರ್ತನೆಯ ಜಾಗದಿಂದ ಎರಡು ಸುತ್ತುದಾರಿಗಳು ಹೊರಟು ಅಲ್ಲಿಗೇ ಮರಳುತ್ತವೆ. ಯಾವ ಸುತ್ತನ್ನು ಮೊದಲು ನಡೆದರೂ ಎಲ್ಲ ಬಾಣಗಳೂ ಮುಗಿಯುತ್ತವೆ. ಪಟ್ಟಿ ಏಳು ಮಣಿ ಉದ್ದವಿದ್ದಿದ್ದರೆ ಪುನರಾವರ್ತನೆಯ ಎರಡೂ ಕಡೆಯ ಒಂದೊಂದು ಮಣಿ ಒಟ್ಟಿಗೆ ಸಿಕ್ಕಿ, ತೊಡಕು ಅಲ್ಲಿಗೇ ಬಿಡುತ್ತಿತ್ತು.

ನಿಜವಾದ ಸಸ್ಯಗಳಲ್ಲಿ ಇದು ಸಣ್ಣ ತೊಂದರೆಯಲ್ಲ. 2009ರಲ್ಲಿ ಪ್ರಕಟವಾದ ಮೆಕ್ಕೆಜೋಳದ ಜೀನೋಮ್ ಸುಮಾರು 230 ಕೋಟಿ ಅಕ್ಷರಗಳಷ್ಟು ಉದ್ದ, ಅದರಲ್ಲಿ ಹತ್ತಿರಹತ್ತಿರ 85 ಪ್ರತಿಶತ ಜಾಗ ಬದಲಿಸುತ್ತ ತಮ್ಮ ಪ್ರತಿಗಳನ್ನು ಬಿಟ್ಟುಹೋಗುವ ತುಣುಕುಗಳೇ. ಇಂಥ ತುಣುಕುಗಳನ್ನು ಮೆಕ್ಕೆಜೋಳದಲ್ಲೇ ಮೊದಲು ಕಂಡ ಬಾರ್ಬರಾ ಮೆಕ್ಲಿಂಟಾಕ್ ಅವರಿಗೆ 1983ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಸಸ್ಯಗಳಲ್ಲಿ ಮೊದಲು ಜೋಡಣೆಯಾದ ಅರಾಬಿಡಾಪ್ಸಿಸ್ ಎಂಬ ಸಣ್ಣ ಗಿಡದ ವಿಷಯವನ್ನೂ ಗಮನಿಸಿ: 2000ದಲ್ಲಿ ಪ್ರಕಟವಾದಾಗ ಅಂದಾಜು 12.5 ಕೋಟಿ ಅಕ್ಷರಗಳಲ್ಲಿ 11.54 ಕೋಟಿ ಮಾತ್ರ ಓದಲಾಗಿತ್ತು. ಕ್ರೋಮೋಸೋಮುಗಳ (ಡಿಎನ್‌ಎಯನ್ನು ಹೊತ್ತ ದಾರದಂಥ ರಚನೆಗಳ) ಸೆಂಟ್ರೋಮಿಯರ್ ಭಾಗಗಳಲ್ಲಿ, ಅಂದರೆ ಕೋಶ ಒಡೆಯುವಾಗ ಅವನ್ನು ಹಿಡಿದು ಎಳೆಯುವ ಜಾಗಗಳಲ್ಲಿ, ಸುಮಾರು 178 ಅಕ್ಷರಗಳ ಒಂದು ತುಣುಕು ಸಾವಿರಾರು ಸಲ ಮರುಕಳಿಸುವುದರಿಂದ ಅಲ್ಲಿ ಜೋಡಣೆ ನಿಂತುಹೋಗಿತ್ತು. ಆ ಭಾಗಗಳು ಪೂರ್ತಿಯಾಗಿ ಕೈಗೆ ಸಿಕ್ಕಿದ್ದು 2021ರಲ್ಲಿ, ಬಹಳ ಉದ್ದದ ತುಣುಕುಗಳನ್ನು ಓದುವ ಯಂತ್ರಗಳು ಬಂದ ಮೇಲೆ. ಇಪ್ಪತ್ತು ವರ್ಷ ಜನ ಅಲ್ಲಿ ಖಾಲಿ ಜಾಗವನ್ನು ಖಾಲಿ ಎಂದೇ ಬರೆದಿಟ್ಟರು. ಅದು ನನಗೆ ಬಹಳ ಗೌರವ ಹುಟ್ಟಿಸುವ ಸಂಗತಿ. ನಿಮ್ಮ ಅಗಸೆಯೂ ಹಿಂದೆ ಬಿದ್ದಿಲ್ಲ. ಅದರ ಜೀನೋಮ್ 2012ರಲ್ಲಿ ಚಿಕ್ಕ ತುಣುಕುಗಳಿಂದಲೇ ಜೋಡಣೆಯಾಗಿ ಪ್ರಕಟವಾಯಿತು.

ಆಟಗಳ ಬಗ್ಗೆ ಕೇಳಿದ್ದೀರಿ. 2013ರ ಆಗಸ್ಟಿನಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿರುವ ಸೇನ್ಸ್‌ಬರಿ ಪ್ರಯೋಗಾಲಯದವರು ಫೇಸ್‌ಬುಕ್‌ನಲ್ಲಿ ‘ಫ್ರಾಕ್ಸಿನಸ್’ ಎಂಬ ಆಟವನ್ನು ತಂದಿದ್ದರು. ಯುರೋಪಿನ ಆ್ಯಶ್ ಮರಗಳನ್ನು ಒಣಗಿಸುತ್ತಿದ್ದ ಶಿಲೀಂಧ್ರದ ಮತ್ತು ಆ ಮರದ ಡಿಎನ್‌ಎ ಅಕ್ಷರಗಳು ಅದರಲ್ಲಿ ಬಣ್ಣದ ಎಲೆಗಳಾಗಿ ಬರುತ್ತಿದ್ದವು, ಆಟಗಾರರು ಅವನ್ನು ಸರಿಸಿ ಹೊಂದಿಸುತ್ತಿದ್ದರು. ಆದರೆ ಅಲ್ಲಿ ಹೋಲಿಸಿ ನೋಡಲು ಮಾದರಿ ಅನುಕ್ರಮವೊಂದು ಮೇಲೆ ಇರುತ್ತಿತ್ತು. ನಿಮ್ಮಲ್ಲಿ ಮಾದರಿ ಇಲ್ಲ. ಏನೂ ಇಲ್ಲದ ಕಡೆಯಿಂದ ಕಟ್ಟಬೇಕು. ಇದು ಹೆಚ್ಚು ಕಷ್ಟದ ಕೆಲಸ.

ಉತ್ತರ 3: ಬಿತ್ತನೆಬೀಜ (ಯಲಹಂಕ)

ನಾನು ತಳಿ ಅಭಿವೃದ್ಧಿಯ ಕೆಲಸದಿಂದ ನಿವೃತ್ತನಾದವನು. ಆಟ ನನಗೆ ಹೊಸದು, ಆದರೆ ಪ್ರಶ್ನೆ ಹಳೆಯದು. ಉದ್ದದ ಪಟ್ಟಿ ಇಲ್ಲದಿದ್ದರೇನಂತೆ, ನಿಮ್ಮ ಕೈಯಲ್ಲಿ ಸಂಕರವಿದೆಯಲ್ಲ! ಡಿಎನ್‌ಎಯ ಅಕ್ಷರಗಳನ್ನು ಓದಲು ಯಾರಿಗೂ ಬಾರದಿದ್ದ ಕಾಲದಲ್ಲಿಯೇ, 1913ರಲ್ಲಿ, ಆಲ್ಫ್ರೆಡ್ ಸ್ಟರ್ಟೆವಂಟ್ ಅವರು ಹಣ್ಣಿನ ನೊಣದ ಆರು ಗುಣಗಳು ಕ್ರೋಮೋಸೋಮಿನ ಮೇಲೆ ಯಾವ ಸಾಲಿನಲ್ಲಿವೆ ಎಂಬುದನ್ನು ಸಂತತಿಯನ್ನು ಎಣಿಸಿಯೇ ಗುರುತಿಸಿದ್ದರು. ಜೋಡಣೆಯ ತುಂಡುಗಳನ್ನು ಸಾಲಿನಲ್ಲಿ ಕೂರಿಸಲು ಸಸ್ಯ ವಿಜ್ಞಾನಿಗಳು ಇಂಥ ನಕ್ಷೆಗಳನ್ನು ಇಂದಿಗೂ ಬಳಸುತ್ತಾರೆ.

ನಿಮ್ಮ ಆಟದಲ್ಲಿ ಸಂಕರ ಮಾಡಿದಾಗ, ಒಂದು ಜಾಗದಲ್ಲಿ ಕತ್ತರಿಸಿ ಎಡಭಾಗವನ್ನು ಮೊದಲ ಗಿಡದಿಂದಲೂ ಬಲಭಾಗವನ್ನು ಎರಡನೆಯ ಗಿಡದಿಂದಲೂ ತೆಗೆದುಕೊಳ್ಳುತ್ತದೆ ಎಂದು ಸಹಾಯಪುಟದಲ್ಲಿ ಓದಿದೆ. ಹಾಗಿದ್ದರೆ ಉದ್ದ ನಾರೂ ಬೇಗ ಹೂವೂ ಎರಡೂ ಇಲ್ಲದ, ಅಷ್ಟೇ ಉದ್ದದ ಒಂದು ತಳಿಯನ್ನು ಹುಡುಕಿ, ನಿಮ್ಮ ಗಿಡವನ್ನು ಎಡಕ್ಕೂ ಅದನ್ನು ಬಲಕ್ಕೂ ಇಟ್ಟು ಸಂಕರ ಮಾಡಿ. ಮೊದಲನೆಯ ಜೋಡಣೆ ನಿಜವಾದರೆ ಸಂತತಿಯಲ್ಲಿ ಉದ್ದ ನಾರು ಮಾತ್ರ ಇರುವ ಗಿಡಗಳು ಬರುತ್ತವೆ, ಎರಡೂ ಇರುವವು ಬರುತ್ತವೆ, ಎರಡೂ ಇಲ್ಲದವು ಬರುತ್ತವೆ. ಬೇಗ ಹೂ ಮಾತ್ರ ಇರುವ ಗಿಡ ಬರುವಂತಿಲ್ಲ, ಏಕೆಂದರೆ ಎಡದಿಂದ ‘ಕೆಬಿಕೆ’ಯವರೆಗೆ ಬಂದದ್ದು ದಾರಿಯಲ್ಲಿ ‘ಬಿಬಿನೀ’ಯನ್ನು ಕರೆದುಕೊಂಡೇ ಬಂದಿರುತ್ತದೆ. ಎರಡನೆಯ ಜೋಡಣೆ ನಿಜವಾದರೆ ಇದೇ ಮಾತು ತಿರುವುಮುರುವಾಗುತ್ತದೆ. ಒಂದು ಗುಣ ಮಾತ್ರ ಇರುವ ಗಿಡ ಯಾವುದೆಂದು ನೋಡಿದರೆ ಸಾಕು.

ಕತ್ತರಿ 25 ಸಂದುಗಳಲ್ಲಿ ಎಲ್ಲಿಯಾದರೂ ಸಮಾನವಾಗಿ ಬೀಳಬಹುದಾದರೆ, ಎಡದ ಗುಣವನ್ನು ಉಳಿಸಿ ಬಲದ ಗುಣವನ್ನು ಕೆಡಿಸುವ ಸಂದುಗಳು ಎಂಟು. ಅಂದರೆ ಸುಮಾರು ಮೂರು ಸಂಕರಗಳಿಗೊಮ್ಮೆ ಉತ್ತರ ಕೊಡುವ ಗಿಡ ಸಿಗಬೇಕು. ಹತ್ತು ಸಂಕರ ಮಾಡಿಯೂ ಅಂಥದ್ದು ಒಂದೂ ಸಿಗದಿರುವ ಸಾಧ್ಯತೆ ನೂರಕ್ಕೆ ಎರಡರಷ್ಟು ಮಾತ್ರ.

ಹಿತ್ತಲಗಿಡ (ಬಸವನಗುಡಿ)

ಹಿರಿಯರಾದ ಬಿತ್ತನೆಬೀಜ ಅವರಿಗೂ ಉಳಿದಿಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಸಂಕರ ಆರಂಭಿಸುವ ಮೊದಲು ಇನ್ನೊಂದು ಸಂದೇಹವಿದೆ. ಲೆಕ್ಕದಪುಸ್ತಕ ಅವರು ಹೇಳಿದಂತೆ ಪ್ರತಿ ಮಣಿಯ ಕೆಳಗೆ ಎಣಿಕೆ ಬರೆಯತೊಡಗಿದಾಗ, ‘ಬಿಬಿನೀಹಹ’ ಎಂಬ ಪಟ್ಟಿಯ ಜೊತೆಗೆ ‘ಬಿಬಿಕೆಹಹ’ ಎಂಬ ಪಟ್ಟಿಯೂ ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯಲ್ಲಿ ಇರುವುದು ಕಂಡಿತು. ಅವನ್ನು ಪ್ರಯೋಗಶಾಲೆಯ ದೋಷವೆಂದು ನಮ್ಮ ತಂಡದವರು ಬದಿಗಿಟ್ಟಿದ್ದರು. ಬಲತುದಿಯಲ್ಲಿಯೂ ‘ಕೆನೀಹಬಿಕೆ’ಯ ಜೊತೆ ‘ಕೆನೀಹಬಿನೀ’ ಒಮ್ಮೆ ಮಾತ್ರ ಬಂದಿದೆ. ಎರಡನ್ನೂ ದೋಷವೆಂದೇ ತಿಳಿಯಬಹುದೇ?

ಉತ್ತರ 4: ರಾಗಿತೆನೆ (ಹೆಬ್ಬಾಳ)

ದಯವಿಟ್ಟು ಮೊದಲನೆಯದನ್ನು ದೋಷವೆಂದು ಬದಿಗಿಡಬೇಡಿ, ಮತ್ತು ಅದು ಇತ್ಯರ್ಥವಾಗುವವರೆಗೆ ಸಂಕರವನ್ನೂ ಆರಂಭಿಸಬೇಡಿ. ನಾನು ಸಸ್ಯ ಜೈವಿಕ ಮಾಹಿತಿ ವಿಜ್ಞಾನ ಓದುತ್ತಿರುವ ವಿದ್ಯಾರ್ಥಿನಿ. ಈ ವಿಷಯದಲ್ಲಿ ನಮಗೆ ಮತ್ತೆ ಮತ್ತೆ ಹೇಳಿಕೊಡುವ ಎಚ್ಚರಿಕೆ ಇದೇ.

ಯಂತ್ರದ ದೋಷ ಅಲ್ಲೊಂದು ಇಲ್ಲೊಂದು ಬೀಳುತ್ತದೆ. ಒಂದೇ ಜಾಗದಲ್ಲಿ, ಒಂದೇ ಬಣ್ಣವಾಗಿ, ಅರ್ಧದಷ್ಟು ಪಟ್ಟಿಗಳಲ್ಲಿ ಬರುವುದು ದೋಷದ ಸ್ವಭಾವವಲ್ಲ. ಗಿಡದಲ್ಲಿ ಆ ಭಾಗದ ಎರಡು ರೂಪಗಳಿವೆ ಎಂದೇ ತಿಳಿಯಬೇಕು. ಇದಕ್ಕೆ ಎರಡು ಕಾರಣಗಳಿರಬಹುದು. ತಾಯಿಯಿಂದ ಒಂದು ರೂಪ, ತಂದೆಯಿಂದ ಇನ್ನೊಂದು ರೂಪ ಬಂದಿರಬಹುದು. ಅಥವಾ ಆ ಗಿಡದೊಳಗೆ ಎರಡು ಪೂರ್ವಜ ಗಿಡಗಳ ಪೂರ್ಣ ಜೀನೋಮುಗಳು ಒಟ್ಟಿಗೆ ಸೇರಿಕೊಂಡಿರಬಹುದು. ಎರಡನೆಯದು ವಿಚಿತ್ರವೆನಿಸಿದರೂ ನಮ್ಮ ಮನೆಯ ಊಟದಲ್ಲೇ ಇದೆ: ರಾಗಿಯ 36 ಕ್ರೋಮೋಸೋಮುಗಳು ಎರಡು ಬೇರೆ ಬೇರೆ ಪೂರ್ವಜರ ಜೋಡಿಗಳಿಂದ ಬಂದಿವೆ. ಗೋಧಿಯಲ್ಲಿ ಮೂರು ಪೂರ್ವಜರ ಜೀನೋಮುಗಳಿವೆ, ಅದರ ಪೂರ್ಣ ಜೋಡಣೆ ಪ್ರಕಟವಾಗಲು 2018ರವರೆಗೆ ಕಾಯಬೇಕಾಯಿತು. ರಾಗಿಯ ಎಂಎಲ್-365 ತಳಿಯ ಜೀನೋಮನ್ನು ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳ ನೇತೃತ್ವದಲ್ಲಿ ಜೋಡಿಸಿ 2017ರಲ್ಲಿ ಪ್ರಕಟಿಸಿದಾಗ ಸುಮಾರು 120 ಕೋಟಿ ಅಕ್ಷರಗಳು ಕೈಗೆ ಬಂದಿದ್ದವು. ಒಂದನ್ನೊಂದು ಹೋಲುವ ಎರಡು ಜೀನೋಮುಗಳ ತುಣುಕುಗಳು ಬೆರೆತ ರಾಶಿಯಿಂದ ಅಷ್ಟನ್ನು ಬಿಡಿಸಿ ತೆಗೆಯುವುದು ಎಂಥ ಶ್ರಮವೆಂದು ಈಗ ಓದುವಾಗ ಅರ್ಥವಾಗುತ್ತಿದೆ.

ನಿಮ್ಮ ಗಿಡದಲ್ಲಿ ಯಾವ ಕಾರಣವೆಂದು ತಿಳಿಯಲು ಸುಲಭವಾದ ಪರೀಕ್ಷೆಯಿದೆ. ಗಿಡವನ್ನು ಅದರೊಂದಿಗೇ ಪರಾಗಸ್ಪರ್ಶ ಮಾಡಿಸಿ, ಬಂದ ಪ್ರತಿ ಗಿಡದಿಂದ ಒಂದು ಬೀಜವನ್ನು ಮುಂದಿನ ತಲೆಮಾರಿಗೆ ಬಿತ್ತುತ್ತ ಹೋಗಿ. ತಂದೆತಾಯಿಗಳಿಂದ ಬಂದ ಎರಡು ರೂಪಗಳಾಗಿದ್ದರೆ, ಎರಡನ್ನೂ ಹೊತ್ತಿರುವ ಗಿಡಗಳ ಪ್ರಮಾಣ ಪ್ರತಿ ತಲೆಮಾರಿನಲ್ಲಿ ಅರ್ಧಕ್ಕಿಳಿಯುತ್ತದೆ. ಆರು ತಲೆಮಾರುಗಳ ಹೊತ್ತಿಗೆ ನೂರಕ್ಕೆ ಎರಡಕ್ಕಿಂತ ಕಡಿಮೆಯಾಗುತ್ತದೆ. ಕೆಲವು ಸಾಲುಗಳಲ್ಲಿ ‘ನೀ’ ಮಾತ್ರ, ಕೆಲವು ಸಾಲುಗಳಲ್ಲಿ ‘ಕೆ’ ಮಾತ್ರ ಉಳಿಯುತ್ತದೆ. ಎರಡು ಪೂರ್ವಜರ ಜೀನೋಮುಗಳಾಗಿದ್ದರೆ ಎಷ್ಟು ತಲೆಮಾರು ಕಳೆದರೂ ಪ್ರತಿಯೊಂದು ಗಿಡದಲ್ಲೂ ಎರಡೂ ಉಳಿದೇ ಇರುತ್ತವೆ. ನಿಜವಾದ ಅಗಸೆ ಬಹುಮಟ್ಟಿಗೆ ತನ್ನ ಪರಾಗದಿಂದಲೇ ಬೀಜ ಕಟ್ಟುವ ಬೆಳೆ. ಹೀಗಾಗಿ ಆಟದ ಗಿಡವೂ ಇದಕ್ಕೆ ಒಗ್ಗೀತು.

ಇದನ್ನು ಸಂಕರಕ್ಕಿಂತ ಮೊದಲೇ ಮಾಡಬೇಕೆಂದು ಹೇಳಲು ಕಾರಣವಿದೆ. ವ್ಯತ್ಯಾಸ ಬಂದಿರುವುದು ಉದ್ದ ನಾರಿನ ‘ಬಿಬಿನೀ’ಯ ಒಳಗೇ. ‘ಬಿಬಿಕೆ’ ರೂಪವನ್ನು ಪಡೆದ ಸಂತತಿಯಲ್ಲಿ ಉದ್ದ ನಾರು ಕಾಣದೇ ಹೋಗಬಹುದು. ಆಗ ಮೊದಲನೆಯ ಜೋಡಣೆಯೇ ನಿಜವಾಗಿದ್ದರೂ ಬೇಗ ಹೂ ಮಾತ್ರ ಇರುವ ಗಿಡ ಬಂದು, ಬಿತ್ತನೆಬೀಜ ಸರ್ ಅವರ ಪರೀಕ್ಷೆ ತಪ್ಪು ಉತ್ತರ ಕೊಡುತ್ತದೆ.

ಬಲತುದಿಯ ಮಣಿಯ ಬಗ್ಗೆ ನಾನು ಏನನ್ನೂ ನಿರ್ಧರಿಸಲಾರೆ. ಆ ಮಣಿಯನ್ನು ತೋರಿಸುವುದು ಒಂದೇ ಸ್ಥಾನದ ಪಟ್ಟಿ. ನಿಮ್ಮಲ್ಲಿ ಅಂಥವು ಕೆಲವೇ ಇರುತ್ತವೆ. ಹಾಗಿರುವಾಗ ಒಂದು ಸಲ ಕಂಡದ್ದು ದೋಷವೋ ಎರಡನೆಯ ರೂಪವೋ ಎಂದು ಹೇಳಲು ಆಧಾರ ಸಾಲದು. ಲೆಕ್ಕದಪುಸ್ತಕ ಅವರ ಸಲಹೆಯಂತೆ ಹೆಚ್ಚು ಬೀಜ ಅರೆಯಬೇಕಾದದ್ದು ಇದಕ್ಕಾಗಿ.

ಬಿತ್ತನೆಬೀಜ (ಯಲಹಂಕ)

ರಾಗಿತೆನೆ ಅವರ ಮಾತು ಪೂರ್ತಿ ಸರಿ. ಹೊಲದಲ್ಲಿಯೂ ಮೊದಲು ಶುದ್ಧ ಸಾಲು, ಆಮೇಲೆ ಸಂಕರ. ಒಂದನ್ನು ಮಾತ್ರ ಸೇರಿಸುತ್ತೇನೆ: ಸಂಕರಕ್ಕೆ ಬಳಸುವ ಎರಡನೆಯ ತಳಿಯನ್ನೂ ಇದೇ ರೀತಿ ಶುದ್ಧಗೊಳಿಸಿಕೊಳ್ಳಿ.

ಹಿತ್ತಲಗಿಡ (ಬಸವನಗುಡಿ)

ತಂಡದವರೆಲ್ಲರೂ ಸಾಲುಗಳನ್ನು ಹಂಚಿಕೊಂಡು ಬಿತ್ತಿದೆವು. ತಲೆಮಾರುಗಳು ಕಳೆದಂತೆ ಸಾಲುಗಳು ಬೇರ್ಪಟ್ಟವು. ಕೆಲವದರಲ್ಲಿ ‘ಬಿಬಿನೀ’ ಮಾತ್ರ, ಉಳಿದವುಗಳಲ್ಲಿ ‘ಬಿಬಿಕೆ’ ಮಾತ್ರ ನಿಂತಿದೆ. ಆದ್ದರಿಂದ ಅದು ತಂದೆತಾಯಿಗಳಿಂದ ಬಂದ ಎರಡು ರೂಪವೇ. ‘ಬಿಬಿಕೆ’ ಸಾಲುಗಳ ನಾರು ಗಿಡ್ಡವಾಗಿರುವುದರಿಂದ, ಉದ್ದ ನಾರಿಗೆ ಆ ಮೂರನೆಯ ನೀಲಿ ಮಣಿ ಬೇಕೇ ಬೇಕು ಎಂಬುದೂ ಗೊತ್ತಾಯಿತು. ‘ಬಿಬಿನೀ’ ಸಾಲನ್ನು ಎಡಕ್ಕಿಟ್ಟು ಸಂಕರ ಮಾಡಿದಾಗ ಉದ್ದ ನಾರು ಮಾತ್ರ ಇರುವ ಗಿಡಗಳು ಹಲವು ಬಂದವು, ಬೇಗ ಹೂ ಮಾತ್ರ ಇರುವುದು ಒಂದೂ ಬರಲಿಲ್ಲ. ಮೊದಲನೆಯ ಜೋಡಣೆಯನ್ನು ಸ್ವೀಕರಿಸಿದ್ದೇವೆ. ಎಲ್ಲ ಆಟಗಾರರಿಗೂ ಸಿಗುವ ಹಾಳೆಯಲ್ಲಿ ಅದನ್ನು ಎಣಿಕೆಗಳ ಸಮೇತ ಹಾಕಿದ್ದೇವೆ; ಬಲತುದಿಯ 26ನೆಯ ಮಣಿಯ ಜಾಗದಲ್ಲಿ ಸದ್ಯಕ್ಕೆ ಪ್ರಶ್ನೆಚಿಹ್ನೆ ಇದೆ. ಅದೇ ತಳಿಯ ಬೀಜ ಇರುವವರು ಅರೆದು ನೋಡಿ, ‘ಕೆನೀಹಬಿ’ಯಿಂದ ಆರಂಭವಾಗುವ ಪಟ್ಟಿ ಸಿಕ್ಕರೆ ದಯವಿಟ್ಟು ಆ ಹಾಳೆಗೆ ಸೇರಿಸಿ.